ಲೈಕೋಪೀನ್ ಮಾತ್ರೆ, ಐಸ್‌ಕ್ರೀಂ ಕಡ್ಡಿ ಮತ್ತು ಐದು ಮಿಲಿಮೀಟರ್

ನನ್ನ ಬಾಯಿ ಈಗ 31 ಮಿಲಿಮೀಟರ್ ತೆರೆಯುತ್ತದೆ. ಆರು ತಿಂಗಳ ಹಿಂದೆ 26 ಇತ್ತು. ಐದು ಮಿಲಿಮೀಟರ್ ಅಂದರೆ ಒಂದು ಬೆರಳಿನ ದಪ್ಪವೂ ಅಲ್ಲ. ಆದರೆ ಅಷ್ಟರಲ್ಲೇ ನನ್ನ ಊಟ ಬದಲಾಗಿದೆ. ತುತ್ತನ್ನು ಚಪ್ಪಟೆ ಮಾಡಿ ಬಾಯೊಳಗೆ ತಳ್ಳುವುದು ನಿಂತಿದೆ. ಹಿಂದಿನ ದವಡೆ ಹಲ್ಲಿಗೆ ಬ್ರಷ್ ಮುಟ್ಟುತ್ತಿದೆ. ಅಡಿಕೆ ಅಗಿದು ಬಾಯಿ ಬಿಗಿದುಹೋಗುವ ಕಾಯಿಲೆ ನನ್ನದು. ಇದಕ್ಕೆ ಡಾಕ್ಟರ್ ಬರೆದುಕೊಟ್ಟದ್ದು ಲೈಕೋಪೀನ್ ಅನ್ನುವ ಆಂಟಿಆಕ್ಸಿಡೆಂಟ್ (ಮೈಯೊಳಗಿನ ಒಂದು ಬಗೆಯ ಹಾನಿ ತಡೆಯುವ ವಸ್ತು) ಮಾತ್ರೆ. ಅದನ್ನು ಮೂರು ತಿಂಗಳು ತಪ್ಪದೆ ತೆಗೆದುಕೊಂಡೆ. ಅದು ಎಷ್ಟು ಕೆಲಸ ಮಾಡಿತು, ಎಷ್ಟು ಮಾಡಲಿಲ್ಲ, ಅದಕ್ಕಿಂತ ಮುಂಚೆ ನಾನು ಯಾವುದಕ್ಕೆಲ್ಲ ದುಡ್ಡು ಕಳೆದುಕೊಂಡೆ, ಎಲ್ಲ ಬರೆಯುತ್ತೇನೆ. ನನ್ನ ಹಾಗೆ ಇರುವವರು ನಮ್ಮ ಸೀಮೆಯಲ್ಲಿ ಜಾಸ್ತಿ ಇದ್ದಾರೆ.

ನನ್ನದು ಸಿದ್ದಾಪುರದ ಹತ್ತಿರದ ಹಳ್ಳಿ. ಒಂದೂವರೆ ಎಕರೆ ಅಡಿಕೆ ತೋಟ. ವಯಸ್ಸು 44. ನಮ್ಮಲ್ಲಿ ಊಟ ಆದಮೇಲೆ ಕವಳದ, ಅಂದರೆ ಎಲೆ ಅಡಿಕೆಯ, ಹರಿವಾಣ ಮುಂದೆ ಬರದಿದ್ದರೆ ಊಟ ಮುಗಿದಂತೆ ಅಲ್ಲ. ನಾನೂ ಹಾಗೇ ಬೆಳೆದವನು. ಇಪ್ಪತ್ತೈದರ ಹೊತ್ತಿಗೆ ಹರಿವಾಣದ ಕವಳ ಬಿಟ್ಟು ಪ್ಯಾಕೆಟ್ಟಿಗೆ ಬಂದೆ. ಸಿಹಿ ಅಡಿಕೆ ಪುಡಿ, ತಂಬಾಕು ಇಲ್ಲದ್ದು. ದಿನಕ್ಕೆ ಆರು, ಕೊಯ್ಲಿನ ಸಮಯದಲ್ಲಿ ಹತ್ತು. ರಾತ್ರಿ ಅಡಿಕೆ ಸುಲಿಯುವಾಗ ಕೈ ಮೆಟ್ಟುಗತ್ತಿಯ ಮೇಲೆ, ಬಾಯಲ್ಲಿ ಪ್ಯಾಕೆಟ್ಟು. ತಂಬಾಕು ಇಲ್ಲವಲ್ಲ, ಏನೂ ಆಗುವುದಿಲ್ಲ ಅಂತ ಹೆಂಡತಿಗೆ ಹೇಳುತ್ತಿದ್ದೆ. ಹಾಗೇ ನಂಬಿದ್ದೆ ಕೂಡ.

ಗೊತ್ತಾದದ್ದು ತಂಗಿ ಮಗಳ ಮದುವೆ ಊಟದಲ್ಲಿ. ಅಪ್ಪೆಹುಳಿ, ಅಂದರೆ ಮಾವಿನಕಾಯಿಯ ಹುಳಿ ಸಾರು, ಬಡಿಸಿದರು. ಒಂದು ಗುಟುಕು ಕುಡಿದೆ, ಎರಡೂ ಕೆನ್ನೆಯ ಒಳಗೆ ಬೆಂಕಿ ಹಚ್ಚಿದಂತಾಯಿತು. ಮೂವತ್ತು ವರ್ಷದಿಂದ ಕುಡಿದ ಅಪ್ಪೆಹುಳಿ ಅದು. ಆಮೇಲೆ ಲಾಡು ಬಂತು. ಕಚ್ಚೋಣ ಅಂದರೆ ಬಾಯಿ ಅಷ್ಟು ತೆರೆಯಲೇ ಇಲ್ಲ. ಪಕ್ಕದವರಿಗೆ ಗೊತ್ತಾಗದಂತೆ ಪುಡಿ ಮಾಡಿ ತಿಂದೆ. ಮಗಳು ಎದುರು ಪಂಕ್ತಿಯಲ್ಲಿ ಕೂತಿದ್ದಳು. ರಾತ್ರಿ ಕೇಳಿದಳು: "ಅಪ್ಪಾ, ನಿನ್ನ ಬಾಯಿ ಯಾಕೆ ತೆಗೆಯಲು ಬರುತ್ತಿಲ್ಲ?"

ಮೊದಲು ಹೋದದ್ದು ಮೆಡಿಕಲ್ ಶಾಪಿಗೆ. ಯಾವ ಅಂಗಡಿ ಅಂತ ಬರೆಯುವುದಿಲ್ಲ. ಬಾಯಿ ಉರಿ, ವಸಡಿನಲ್ಲೂ ಸ್ವಲ್ಪ ರಕ್ತ ಅಂದೆ. ಅವರು ಮೂರು ವಸ್ತು ಕೊಟ್ಟರು. ಗ್ರೀನ್ ಟೀ ಇರುವ ಟೂತ್‌ಪೇಸ್ಟ್, ಚೀಪುವ ವಿಟಮಿನ್ ಸಿ ಮಾತ್ರೆ, ಒಂದು ಕೆಂಪು ಸಿರಪ್. ಮೂರರ ಮೇಲೂ ‘ಆಂಟಿಆಕ್ಸಿಡೆಂಟ್’ ಅಂತ ದಪ್ಪ ಅಕ್ಷರದಲ್ಲಿ ಇತ್ತು. ಒಟ್ಟು 540 ರೂಪಾಯಿ. ಎರಡು ತಿಂಗಳು ಬಳಸಿದೆ.

ಪೇಸ್ಟ್ ಕೆಟ್ಟದ್ದಲ್ಲ. ಖಾರವಿಲ್ಲ, ನೊರೆ ಕಮ್ಮಿ, ಉರಿಯುವ ಬಾಯಿಗೆ ಹಿತವಾಗಿತ್ತು. ಗ್ರೀನ್ ಟೀಯಲ್ಲಿ ಕ್ಯಾಟೆಚಿನ್ ಅನ್ನುವ ಆಂಟಿಆಕ್ಸಿಡೆಂಟ್ ಇರುವುದು ನಿಜ. ಆದರೆ ಪೇಸ್ಟ್ ಬಾಯಲ್ಲಿ ಇರುವುದು ಎರಡು ನಿಮಿಷ, ಆಮೇಲೆ ಉಗಿದುಬಿಡುತ್ತೇವೆ. ಕೆನ್ನೆಯ ಚರ್ಮದ ಒಳಗಿನ ತೊಂದರೆಗೆ ಅದು ಏನು ಮಾಡೀತು? ಇನ್ನೊಂದು ಸಂಗತಿ ನನಗೆ ಆಮೇಲೆ ತಿಳಿಯಿತು. ಆ ಪೇಸ್ಟಿನಲ್ಲಿ ಫ್ಲೋರೈಡ್ ಇರಲಿಲ್ಲ. ಹಲ್ಲು ಹುಳುಕಾಗದಂತೆ ಕಾಯುವುದು ಮುಖ್ಯವಾಗಿ ಅದೇ. ಆಂಟಿಆಕ್ಸಿಡೆಂಟ್ ಬೇಕೆಂದು ಪೇಸ್ಟ್ ಬದಲಿಸುವವರು ಡಬ್ಬದ ಹಿಂದೆ ಫ್ಲೋರೈಡ್ ಇದೆಯೋ ಇಲ್ಲವೋ ಮೊದಲು ನೋಡಿ.

ವಿಟಮಿನ್ ಸಿ ಮಾತ್ರೆಯಿಂದ ನನಗೆ ಹಾನಿಯೇ ಆಯಿತು. ಕಿತ್ತಳೆ ರುಚಿ, ಚೆನ್ನಾಗಿರುತ್ತದೆ. ದಿನಕ್ಕೆ ಮೂರು ಚೀಪುತ್ತಿದ್ದೆ. ಒಂದು ತಿಂಗಳಲ್ಲಿ ತಣ್ಣೀರು ಕುಡಿದರೆ ಹಲ್ಲು ಜುಂ ಅನ್ನಲು ಶುರುವಾಯಿತು. ವಿಟಮಿನ್ ಸಿ ಅಂದರೆ ಆಸ್ಕಾರ್ಬಿಕ್ ಆಸಿಡ್. ಹೆಸರಲ್ಲೇ ಆಸಿಡ್ ಇದೆ. ಪಿಎಚ್ ಅಂದರೆ ಹುಳಿಯ ಅಳತೆ, ಕಮ್ಮಿಯಾದಷ್ಟೂ ಹುಳಿ ಜಾಸ್ತಿ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗೆ ಹೋದರೆ ಹಲ್ಲಿನ ಮೇಲಿನ ಎನಾಮೆಲ್ ಕರಗಲು ತೊಡಗುತ್ತದೆ. ಆ ಮಾತ್ರೆಯನ್ನು ದವಡೆಗೆ ಒತ್ತಿಟ್ಟುಕೊಂಡು ಹತ್ತು ನಿಮಿಷ ಚೀಪಿದರೆ ಅದೇ ಆಗುವುದು. ವಿಟಮಿನ್ ಸಿ ಬೇಕೇ ಬೇಕು, ಅದಿಲ್ಲದಿದ್ದರೆ ವಸಡು ಹಾಳಾಗುತ್ತದೆ. ಆದರೆ ಅದನ್ನು ನೆಲ್ಲಿಕಾಯಿ, ಸೀಬೆಹಣ್ಣಿನಲ್ಲಿ ತಿನ್ನಿ, ಇಲ್ಲವೆ ನುಂಗುವ ಮಾತ್ರೆ ತೆಗೆದುಕೊಳ್ಳಿ. ಚೀಪಬೇಡಿ. ಇದನ್ನು ಅಂಗಡಿಯಲ್ಲಿ ನನಗೆ ಯಾರೂ ಹೇಳಲಿಲ್ಲ. ಅದಕ್ಕೆ ಇಷ್ಟು ಬಿಡಿಸಿ ಬರೆದೆ.

ಸಿರಪ್ಪಿನ ವಿಷಯ ಕೊನೆಗೆ ಹೇಳುತ್ತೇನೆ. ಅದು ಲೇಬಲ್ ಓದುವುದಕ್ಕೆ ಸಂಬಂಧಪಟ್ಟದ್ದು.

ಎರಡು ತಿಂಗಳಾದರೂ ಉರಿ ಹೋಗಲಿಲ್ಲ. ಪ್ಯಾಕೆಟ್ಟನ್ನೂ ನಾನು ಬಿಟ್ಟಿರಲಿಲ್ಲ. ಕೊನೆಗೆ ಹೆಂಡತಿ, "ರೀ, ಇನ್ನು ಅಂಗಡಿಗೆ ಹೋಗುವುದು ಸಾಕು, ಆಸ್ಪತ್ರೆಗೆ ನಡೀರಿ" ಅಂದಳು. ಬಸ್ಸಿನಲ್ಲಿ ನಾಲ್ಕು ತಾಸು ದೂರದ ಒಂದು ದಂತ ಕಾಲೇಜಿನ ಆಸ್ಪತ್ರೆಗೆ ಹೋದೆವು. ಇಲ್ಲಿ ಒಂದು ಮಾತು. ಬಾಯಿ ತೆರೆಯದ ತೊಂದರೆಗೆ ಹಲ್ಲು ಕೀಳುವ, ತುಂಬುವ ಸಣ್ಣ ಕ್ಲಿನಿಕ್ಕಿಗಿಂತ ದಂತ ಕಾಲೇಜು ಒಳ್ಳೆಯದು. ಅಲ್ಲಿ ಬಾಯಿಯ ಕಾಯಿಲೆ ನೋಡಲು ಓರಲ್ ಮೆಡಿಸಿನ್ ಅಂತಲೇ ಒಂದು ವಿಭಾಗ ಇರುತ್ತದೆ. ಚೀಟಿಗೆ ಕೊಟ್ಟದ್ದು ಬರೀ 50 ರೂಪಾಯಿ. ಕಾಯಬೇಕು, ಅದು ನಿಜ. ಮೊದಲ ದಿನ ಬೆಳಗ್ಗೆ ಹತ್ತಕ್ಕೆ ಕೂತವನು ಮಧ್ಯಾಹ್ನ ಎರಡಕ್ಕೆ ಎದ್ದೆ. ಮೊದಲು ವಿದ್ಯಾರ್ಥಿ, ಆಮೇಲೆ ಪಿ.ಜಿ. (ಡಾಕ್ಟರ್ ಆಗಿ ಮುಂದಿನ ಓದು ಓದುತ್ತಿರುವ) ಡಾಕ್ಟರ್, ಆಮೇಲೆ ದೊಡ್ಡ ಡಾಕ್ಟರ್. ಮೂರು ಜನ ಅವೇ ಪ್ರಶ್ನೆ ಕೇಳಿದರು. ಮೊದಲು ಬೇಜಾರಾಯಿತು. ಆದರೆ ಮೂರನೇ ಸಲ ಕೇಳಿದಾಗಲೇ ನಾನು ದಿನಕ್ಕೆ ಎಷ್ಟು ಪ್ಯಾಕೆಟ್ ಅಂತ ನಿಜ ಹೇಳಿದ್ದು.

ಪಿ.ಜಿ. ಡಾಕ್ಟರ್ ಇಪ್ಪತ್ತಾರು, ಇಪ್ಪತ್ತೇಳರ ಹುಡುಗಿ. "ಸರ್, ಎಷ್ಟಾಗುತ್ತೋ ಅಷ್ಟು ಬಾಯಿ ತೆಗೀರಿ" ಅಂದರು. ಮೇಲಿನ ಮುಂದಿನ ಹಲ್ಲಿಂದ ಕೆಳಗಿನ ಮುಂದಿನ ಹಲ್ಲಿಗೆ ಅಳತೆ ಹಿಡಿದರು. 26. ಆಮೇಲೆ ನನ್ನದೇ ಮೂರು ಬೆರಳು ಜೋಡಿಸಿ, ಮೇಲೆ ಕೆಳಗೆ ನಿಲ್ಲಿಸಿ, ಬಾಯೊಳಗೆ ಇಡಲು ಹೇಳಿದರು. ಸರಿಯಾಗಿ ಇರುವವರಿಗೆ ಮೂರು ಬೆರಳು ಹೋಗಬೇಕಂತೆ. ನನಗೆ ಎರಡೇ ಹೋಯಿತು. ಇದನ್ನು ಓದುತ್ತಿರುವವರು ಈಗಲೇ ಮಾಡಿ ನೋಡಿ. ಖರ್ಚಿಲ್ಲ.

ಕೆನ್ನೆಯ ಒಳಗಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ರಕ್ತ ಪರೀಕ್ಷೆಯನ್ನೂ ಮಾಡಿಸಿದರು. ಕಾಯಿಲೆಯ ಹೆಸರು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್. ಬಾಯಿಯ ಒಳಚರ್ಮದ ಕೆಳಗೆ ನಾರು ಕಟ್ಟುವುದು. ಅಡಿಕೆಯಲ್ಲಿರುವ ಅರೆಕೋಲಿನ್ ಅನ್ನುವ ವಸ್ತು ಆ ನಾರನ್ನು ಜಾಸ್ತಿ ಹುಟ್ಟಿಸುತ್ತದೆ. ಅಡಿಕೆಯ ಒಗರು, ಅದರಲ್ಲಿರುವ ತಾಮ್ರದ ಅಂಶ ಎರಡೂ ಸೇರಿ ಹುಟ್ಟಿದ ನಾರು ಕರಗದಂತೆ ಗಟ್ಟಿ ಮಾಡುತ್ತವೆ. ಡಾಕ್ಟರ್ ಕನ್ನಡಿ ಹಿಡಿದು ನನ್ನ ಕೆನ್ನೆ ತೋರಿಸಿದರು. ಕೆಂಪಗಿರಬೇಕಾದ ಜಾಗ ಬೆಳ್ಳಗೆ ಬಿಳುಚಿತ್ತು. ಬೆರಳಿಟ್ಟರೆ ಹಗ್ಗ ಬಿಗಿದ ಹಾಗೆ ಪಟ್ಟಿ ಸಿಗುತ್ತಿತ್ತು. ದಿನಾ ಅಡಿಕೆ ಸುಲಿಯುವವನಿಗೆ ನಾರು ಅಂದರೇನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಇದನ್ನು 1952ರಲ್ಲಿ ಶ್ವಾರ್ಟ್ಸ್ ಅನ್ನುವವರು ಕೀನ್ಯಾದಲ್ಲಿದ್ದ ಐದು ಮಂದಿ ಭಾರತೀಯ ಹೆಂಗಸರಲ್ಲಿ ಮೊದಲು ಗುರುತಿಸಿದ್ದು. ಮಾರನೇ ವರ್ಷ ಮುಂಬೈಯ ಡಾಕ್ಟರ್ ಜೋಶಿ ಇದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತ ಹೆಸರಿಟ್ಟರು. ಹೊಸ ಕಾಯಿಲೆ ಅಲ್ಲ. ನಮ್ಮೂರಿನ ಹಳಬರಲ್ಲಿ ಕೆಲವರು ಚಮಚದಲ್ಲೇ ಉಣ್ಣುತ್ತಿದ್ದದ್ದು ನನಗೆ ಆಗ ನೆನಪಾಯಿತು.

ಕ್ಯಾನ್ಸರ್ ಆಗುತ್ತದಾ ಅಂತ ಹೆಂಡತಿ ಕೇಳಿದಳು. ನಾನು ಕೇಳಲಾರದೆ ಕೂತಿದ್ದೆ. ಡಾಕ್ಟರ್ ಮುಚ್ಚಿಡಲಿಲ್ಲ. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಈ ಕಾಯಿಲೆ ಇದ್ದ 66 ಜನರನ್ನು 17 ವರ್ಷ ನೋಡುತ್ತಾ ಬಂದಿದ್ದರಂತೆ. ಅವರಲ್ಲಿ 5 ಜನರಿಗೆ ಬಾಯಿಯ ಕ್ಯಾನ್ಸರ್ ಆಯಿತು. "ಎಲ್ಲರಿಗೂ ಆಗಲ್ಲ. ಆದರೆ ಸುಮ್ನೆ ಬಿಡುವ ಕಾಯಿಲೆಯೂ ಅಲ್ಲ" ಅಂದರು. ನನ್ನ ಚೂರಿನಲ್ಲಿ ಆ ತರಹದ್ದೇನೂ ಸಿಗಲಿಲ್ಲ. ಆ ರಿಪೋರ್ಟ್ ಬರುವವರೆಗಿನ ಒಂಬತ್ತು ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ.

ಈಗ ಮಾತ್ರೆಗೆ ಬರುತ್ತೇನೆ.

ಲೈಕೋಪೀನ್ ಅಂದರೆ ಟೊಮ್ಯಾಟೊ, ಕಲ್ಲಂಗಡಿಗೆ ಕೆಂಪು ಬಣ್ಣ ಕೊಡುವ ವಸ್ತು. ಅದು ಬಾಯಿಗೆ ಯಾಕೆ ಅಂತ ಕೇಳಿದೆ. ಡಾಕ್ಟರ್ ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ಅಡಿಕೆ ಅಗಿಯುವಾಗ ಫ್ರೀ ರ‍್ಯಾಡಿಕಲ್ ಅನ್ನುವ ಕಣಗಳು ಹುಟ್ಟುತ್ತವೆ. ಅವುಗಳಲ್ಲಿ ಒಂದು ಎಲೆಕ್ಟ್ರಾನ್‌ಗೆ ಜೋಡಿ ಇರುವುದಿಲ್ಲ. ಆ ಜೋಡಿಯನ್ನು ಪಕ್ಕದ ಕಣದಿಂದ ಕಿತ್ತುಕೊಳ್ಳುತ್ತವೆ. ಅದು ಇನ್ನೊಂದರಿಂದ ಕಿತ್ತುಕೊಳ್ಳುತ್ತದೆ. ಹೀಗೆ ಸಾಲಾಗಿ ಹಾನಿ. ಆಂಟಿಆಕ್ಸಿಡೆಂಟ್ ತಾನೇ ಎಲೆಕ್ಟ್ರಾನ್ ಕೊಟ್ಟು ಆ ಸಾಲನ್ನು ತಡೆಯುತ್ತದೆ. ವಸಡಿನ ಕಾಯಿಲೆಯಲ್ಲೂ ಇದೇ ಕತೆ. ಅಲ್ಲಿ ಕೀಟಾಣು ಕೊಲ್ಲಲು ಬಂದ ನಮ್ಮದೇ ಬಿಳಿ ರಕ್ತಕಣಗಳು ಇಂಥ ಕಣಗಳನ್ನು ಬಿಟ್ಟು, ಕೀಟಾಣುವಿನ ಜೊತೆ ವಸಡನ್ನೂ ಸುಡುತ್ತವೆ.

ನನಗೆ ನಂಬಿಕೆ ಬಂದದ್ದು ಬೆಳಗಾವಿಯ ಮಾತು ಕೇಳಿ. 2007ರಲ್ಲಿ ಅಲ್ಲಿನ ದಂತ ಕಾಲೇಜಿನವರು ಈ ಕಾಯಿಲೆಯ 58 ಜನರ ಮೇಲೆ ಮಾಡಿದ ಅಧ್ಯಯನ ಪ್ರಕಟವಾಯಿತು. ಒಂದು ಗುಂಪಿಗೆ ದಿನಕ್ಕೆ 16 ಮಿಲಿಗ್ರಾಂ ಲೈಕೋಪೀನ್. ಇನ್ನೊಂದಕ್ಕೆ ಲೈಕೋಪೀನ್ ಜೊತೆ ಕೆನ್ನೆಗೆ ಸ್ಟೀರಾಯ್ಡ್ (ಉರಿಯೂತ ತಗ್ಗಿಸುವ ಔಷಧಿ) ಇಂಜೆಕ್ಷನ್. ಮೂರನೆಯದಕ್ಕೆ ಏನೂ ಇಲ್ಲದ ಸುಳ್ಳು ಮಾತ್ರೆ. ಎರಡು ತಿಂಗಳಲ್ಲಿ ಮೊದಲ ಗುಂಪಿನವರ ಬಾಯಿ ಸರಾಸರಿ 3.4 ಮಿಲಿಮೀಟರ್ ಜಾಸ್ತಿ ತೆರೆಯಿತು. ಎರಡನೆಯದು 4.6. ಸುಳ್ಳು ಮಾತ್ರೆಯವರದು ಸೊನ್ನೆ. ಡಾಕ್ಟರ್ ಇದನ್ನು ಕಾಗದದ ಮೇಲೆ ಬರೆದು ತೋರಿಸಿದರು. "ನೋಡಿ ಸರ್, ನಾಲ್ಕು ಮಿಲಿಮೀಟರ್ ಆಸುಪಾಸು. ಅದಕ್ಕಿಂತ ಜಾಸ್ತಿ ಆಸೆ ಇಟ್ಟುಕೊಂಡು ಮಾತ್ರೆ ತಗೋಬೇಡಿ." ಇಷ್ಟು ನೇರವಾಗಿ ಯಾವ ಡಬ್ಬದ ಮೇಲೂ ಬರೆದಿರಲಿಲ್ಲ.

ನನಗೆ ಬರೆದದ್ದು ದಿನಕ್ಕೆ 16 ಮಿಲಿಗ್ರಾಂ. ಬೆಳಗ್ಗೆ 8, ರಾತ್ರಿ 8. ಮೆತ್ತನೆಯ ಕೆಂಪು ಕ್ಯಾಪ್ಸೂಲ್. ವಾಸನೆ ಇಲ್ಲ, ರುಚಿ ಇಲ್ಲ, ನುಂಗಲು ಸುಲಭ. ಹತ್ತರ ಸ್ಟ್ರಿಪ್‌ಗೆ 160 ರೂಪಾಯಿ ಬಿತ್ತು. ದಿನಕ್ಕೆ 32. ಮೂರು ತಿಂಗಳಿಗೆ 2,900 ರೂಪಾಯಿ ಹತ್ತಿರ. ನಮ್ಮಂಥವರಿಗೆ ಇದು ಸಣ್ಣ ಮೊತ್ತ ಅಲ್ಲ. ಆದರೆ ಪ್ಯಾಕೆಟ್ಟಿಗೆ ನಾನು ಕೊಡುತ್ತಿದ್ದ ದುಡ್ಡನ್ನು ಹೆಂಡತಿ ಲೆಕ್ಕ ಹಾಕಿ ತೋರಿಸಿದಳು. ಹೆಚ್ಚುಕಮ್ಮಿ ಅಷ್ಟೇ ಆಗುತ್ತಿತ್ತು.

ಊಟ ಆದ ಕೂಡಲೇ ತೆಗೆದುಕೊಳ್ಳಬೇಕು. ಲೈಕೋಪೀನ್ ಎಣ್ಣೆ, ತುಪ್ಪದಲ್ಲಿ ಕರಗುವ ವಸ್ತು, ಜಿಡ್ಡಿಲ್ಲದೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಮೊದಲ ವಾರ ಬರೀ ಹೊಟ್ಟೆಯಲ್ಲಿ ನುಂಗುತ್ತಿದ್ದೆ. ಯಾರಾದರೂ ಹಾಗೆ ಮಾಡುತ್ತಿದ್ದರೆ ನಿಲ್ಲಿಸಿ. ಮಾತ್ರೆ ಯಾಕೆ, ಟೊಮ್ಯಾಟೊ ತಿಂದರೆ ಆಗದಾ ಅಂತಲೂ ಕೇಳಿದೆ. 100 ಗ್ರಾಂ ಹಸಿ ಟೊಮ್ಯಾಟೊದಲ್ಲಿ ಸುಮಾರು 2.5 ಮಿಲಿಗ್ರಾಂ ಇರುತ್ತದೆ. 16 ಬೇಕಾದರೆ ದಿನಕ್ಕೆ ಅರ್ಧ ಕೆಜಿಗೂ ಮೇಲೆ ತಿನ್ನಬೇಕು. ಎಣ್ಣೆಯಲ್ಲಿ ಬೇಯಿಸಿದರೆ ಹಸಿಗಿಂತ ಚೆನ್ನಾಗಿ ಮೈಗೆ ಹತ್ತುತ್ತದೆ, ನಿಜ. ಆದರೆ ಉರಿಯುವ ಬಾಯಿಗೆ ಟೊಮ್ಯಾಟೊ ಹುಳಿ ತಾಗಿದರೆ ಕಣ್ಣಲ್ಲಿ ನೀರು ಬರುತ್ತದೆ. ಮಾಡಿ ನೋಡಿದ್ದೇನೆ.

ಸ್ಟ್ರಿಪ್ ಮೇಲೆ ‘ಔಷಧಿಯಾಗಿ ಬಳಸಲು ಅಲ್ಲ’ ಅಂತ ಇಂಗ್ಲಿಷಿನಲ್ಲಿ ಇತ್ತು. ಮಗಳು ಓದಿ ಗಾಬರಿಯಾದಳು. ಡಾಕ್ಟರನ್ನು ಕೇಳಿದ್ದಕ್ಕೆ, ಇದನ್ನು ಆಹಾರ ಪೂರಕ ಅಂತ ಮಾರುತ್ತಾರೆ, ಅದಕ್ಕೆ ಹಾಗೆ ಬರೆಯಲೇಬೇಕು ಅಂದರು.

ಮೊದಲ ಮೂರು ವಾರ ಏನೂ ಗೊತ್ತಾಗಲಿಲ್ಲ. ನಾಲ್ಕನೇ ವಾರ ಬೆಳಗಿನ ಕಾಫಿ ಉರಿಯದೆ ಇಳಿಯಿತು. ಅಳತೆ ಮಾತ್ರ 27, ಬರೀ ಒಂದು ಮಿಲಿಮೀಟರ್. ಎರಡನೇ ತಿಂಗಳು 29. ಮೂರನೇ ತಿಂಗಳು 30. ಅಲ್ಲಿಗೆ ಮಾತ್ರೆ ನಿಲ್ಲಿಸಿದರು. ಆರನೇ ತಿಂಗಳು 31. ನನ್ನ ಮಟ್ಟಿಗೆ ಈ ಮಾತ್ರೆಯ ದೊಡ್ಡ ಉಪಕಾರ ಉರಿ ಕಮ್ಮಿಯಾದದ್ದು. ಉರಿ ಕಮ್ಮಿಯಾದ್ದರಿಂದಲೇ ಮುಂದಿನದ್ದನ್ನು ಮಾಡಲು ಆಯಿತು.

ಮುಂದಿನದ್ದು ಅಂದರೆ ಕಡ್ಡಿ. ಐಸ್‌ಕ್ರೀಂ ಕಡ್ಡಿ. ಒಂದು ಸುಮಾರು ಎರಡು ಮಿಲಿಮೀಟರ್ ದಪ್ಪ. ಒಂದರ ಮೇಲೊಂದು ಜೋಡಿಸಿ ಮುಂದಿನ ಹಲ್ಲುಗಳ ನಡುವೆ ಇಟ್ಟು, ಒಂದು ನಿಮಿಷ ಹಾಗೇ ಹಿಡಿಯಬೇಕು. ದಿನಕ್ಕೆ ನಾಲ್ಕೈದು ಸಲ. ಆಮೇಲೆ ನಡುವೆ ಇನ್ನೊಂದು ಕಡ್ಡಿ ತೂರಿಸಲು ನೋಡಬೇಕು. ನಾನು 12 ಕಡ್ಡಿಯಿಂದ ಶುರು ಮಾಡಿದೆ. ಈಗ 15. ಮೊದಲ ವಾರ ಕಿವಿಯ ಹತ್ತಿರ ದವಡೆ ಕೀಲು ನೋಯುತ್ತಿತ್ತು. ಬಾಯಿಯ ಅಂಚು ಬಿರಿಯುತ್ತದೆ, ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ. ತೋಟಕ್ಕೆ ನೀರು ಬಿಟ್ಟು ಕೂತಾಗ ಮಾಡುತ್ತಿದ್ದೆ. ಐವತ್ತು ಕಡ್ಡಿಯ ಕಟ್ಟಿಗೆ 40 ರೂಪಾಯಿ. ಬಳಸಿದ್ದನ್ನು ತೊಳೆದು ಒಣಗಿಸಬಾರದು, ಹೊಸದು ತೆಗೆದುಕೊಳ್ಳಬೇಕು ಅಂತ ಹೇಳಿದ್ದಾರೆ.

ಐದು ಮಿಲಿಮೀಟರ್‌ನಲ್ಲಿ ಮಾತ್ರೆಯದು ಎಷ್ಟು, ಕಡ್ಡಿಯದು ಎಷ್ಟು, ಪ್ಯಾಕೆಟ್ ಬಿಟ್ಟದ್ದು ಎಷ್ಟು ಅಂತ ನಾನು ಬಿಡಿಸಿ ಹೇಳಲಾರೆ. ಮೂರನ್ನೂ ಒಂದೇ ದಿನ ಶುರು ಮಾಡಿದೆ. ಆದರೆ ಡಾಕ್ಟರ್ ಮೊದಲ ದಿನವೇ ಷರತ್ತು ಹಾಕಿದ್ದರು. ಅಡಿಕೆ ನಿಲ್ಲಿಸದಿದ್ದರೆ ಮಾತ್ರೆಗೆ ಚೀಟಿ ಬರೆಯುವುದಿಲ್ಲ. ಒಂದು ಕಡೆ ಬೆಂಕಿಗೆ ಸೌದೆ ಹಾಕುತ್ತಾ ಇನ್ನೊಂದು ಕಡೆ ನೀರು ಎರಚಿದರೆ ಆಗುತ್ತದಾ? ಮೊದಲ ಹತ್ತು ದಿನ ತಲೆನೋವು, ಸಿಟ್ಟು, ನಿದ್ದೆ ಇಲ್ಲ. ಬಾಯಲ್ಲಿ ಏಲಕ್ಕಿ ಇಟ್ಟುಕೊಳ್ಳುತ್ತಿದ್ದೆ. ಹೆಂಡತಿ ಮೆಣಸು ಹಾಕದೆ ಒಂದೆಲಗದ ತಂಬುಳಿ ಮಾಡಿಕೊಡುತ್ತಿದ್ದಳು. ಹುಳಿ, ಖಾರ ಎಲ್ಲ ಬಿಟ್ಟಿದ್ದ ಆ ತಿಂಗಳು ಅನ್ನ ಇಳಿದದ್ದೇ ಆ ತಂಬುಳಿಯಿಂದ.

ಸಿರಪ್ಪಿನ ಮಾತು ಬಾಕಿ ಇತ್ತು. ಮೊದಲ ಅಂಗಡಿಯಲ್ಲಿ ಕೊಟ್ಟ ಕೆಂಪು ಸಿರಪ್ ಕೂಡ ಲೈಕೋಪೀನ್ ಸಿರಪ್ಪೇ. ಬಾಟಲಿಯನ್ನು ಡಾಕ್ಟರಿಗೆ ತೋರಿಸಿದೆ. ಅದರಲ್ಲಿ ‘ಲೈಕೋಪೀನ್ 6% – 2000 ಮೈಕ್ರೋಗ್ರಾಂ’ ಅಂತ ಇತ್ತು. ಎರಡು ಸಾವಿರ ಅಂದರೆ ದೊಡ್ಡದು ಅಂದುಕೊಂಡಿದ್ದೆ. ಸಾವಿರ ಮೈಕ್ರೋಗ್ರಾಂ ಅಂದರೆ ಒಂದು ಮಿಲಿಗ್ರಾಂ. ಅಂದರೆ ಎರಡೇ ಮಿಲಿಗ್ರಾಂ. ಅದರಲ್ಲೂ 6% ಅಂತ ಬರೆದಾಗ, ಆ ಎರಡು ಮಿಲಿಗ್ರಾಂ ಪೂರ್ತಿ ಲೈಕೋಪೀನೋ, ನೂರಕ್ಕೆ ಆರು ಪಾಲು ಮಾತ್ರ ಲೈಕೋಪೀನ್ ಇರುವ ಪುಡಿಯೋ ಬಾಟಲಿಯಿಂದ ತಿಳಿಯುವುದಿಲ್ಲ. ಪುಡಿಯಾದರೆ ಲೈಕೋಪೀನ್ ಬರೀ 120 ಮೈಕ್ರೋಗ್ರಾಂ. ಉಳಿದದ್ದು ಬಣ್ಣ, ಸಕ್ಕರೆ, ಬೇರೆ ವಿಟಮಿನ್‌ಗಳು. ಎರಡು ತಿಂಗಳು ನಾನು ಕುಡಿದದ್ದು ಅದನ್ನೇ. ಆದ್ದರಿಂದ ಬ್ರಾಂಡ್ ಯಾವುದಾದರೂ ಇರಲಿ, ಕೊಳ್ಳುವಾಗ ಲೈಕೋಪೀನ್ ಎಷ್ಟು ಮಿಲಿಗ್ರಾಂ ಅಂತ ಮಾತ್ರ ಕೇಳಿ. ಉತ್ತರ ಸಿಗದಿದ್ದರೆ ಕೊಳ್ಳಬೇಡಿ. ಇದರ ಬಗ್ಗೆ ನನಗೆ ನಿಜವಾಗಿ ಸಿಟ್ಟಿದೆ. ಬಾಯಿ ಮುಚ್ಚಿಕೊಂಡು ಹೋಗುತ್ತಿರುವ ಮನುಷ್ಯ ಇಂಥ ಬಾಟಲಿ ನಂಬಿ ಎರಡು ತಿಂಗಳು ಕಳೆಯಬಾರದು.

ಮಾತ್ರೆ ಯಾರಿಗೆ ಅಂದರೆ, ಬಾಯಿ ಉರಿ ಶುರುವಾಗಿ, ತೆರೆಯುವುದು ಸ್ವಲ್ಪ ಕಮ್ಮಿಯಾದವರಿಗೆ. ಅದೂ ಡಾಕ್ಟರ್ ಅಳತೆ ಹಿಡಿದ ಮೇಲೆ. ಒಂದು ಬೆರಳೂ ಹೋಗದಷ್ಟು ಬಿಗಿದವರಿಗೆ ಇದರಿಂದ ಆಗುವುದಿಲ್ಲ, ಆಪರೇಷನ್ ಬೇಕಾಗುತ್ತದೆ. ಕಟ್ಟಿದ ನಾರು ಪೂರ್ತಿ ಹೋಗುವುದೂ ಇಲ್ಲ. ನನ್ನ ಕೆನ್ನೆಯಲ್ಲಿ ಪಟ್ಟಿ ಈಗಲೂ ಕೈಗೆ ಸಿಗುತ್ತದೆ. ಆರು ತಿಂಗಳಿಗೊಮ್ಮೆ ಹೋಗಿ ತೋರಿಸುತ್ತಲೇ ಇರಬೇಕು.

ಇನ್ನೊಂದನ್ನು ಹೇಳದೆ ಇರಲಾರೆ. ನಾನು ಅಡಿಕೆ ಬೆಳೆದೇ ಬದುಕುವವನು. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವುದು ನಮ್ಮ ರಾಜ್ಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ, ತಂಬಾಕು ಸೇರದಿದ್ದರೂ ಅಡಿಕೆ ಕ್ಯಾನ್ಸರ್ ತರುತ್ತದೆ ಅಂತ ಹೇಳಿತ್ತು. ನಮ್ಮ ಕಡೆ ಈ ಮಾತು ಎತ್ತಿದರೆ ಜನ ಎದ್ದು ಹೋಗುತ್ತಾರೆ. ನಾನೂ ಎದ್ದು ಹೋದವನೇ. ಬೆಲೆ ಬಿದ್ದೀತು ಅನ್ನುವ ಭಯ ನನಗೂ ಇದೆ, ಈಗಲೂ ಇದೆ. ತೋಟದಲ್ಲಿ ಕಾಳುಮೆಣಸು, ಏಲಕ್ಕಿ ಜಾಸ್ತಿ ಮಾಡುತ್ತಿದ್ದೇನೆ. ಅಡಿಕೆ ಮರ ಕಡಿದಿಲ್ಲ. ಆದರೆ ಮನೆಯ ಹರಿವಾಣವನ್ನು ಅಟ್ಟಕ್ಕೆ ಹಾಕಿದ್ದೇವೆ.

ನಮ್ಮ ತೋಟಕ್ಕೆ ಅಡಿಕೆ ಗೊನೆ ಇಳಿಸಲು ಬರುವ ಹುಡುಗನಿಗೆ 23 ವರ್ಷ. ಮೊನ್ನೆ ಕಟ್ಟೆ ಮೇಲೆ ಕೂರಿಸಿ ಮೂರು ಬೆರಳು ಇಡಿಸಿದೆ. ಎರಡು ಸಲೀಸಾಗಿ ಹೋಯಿತು, ಮೂರನೆಯದು ಉಗುರಿನವರೆಗೆ ಮಾತ್ರ. "ಏನೂ ಇಲ್ಲ ಬಿಡಿ ಅಣ್ಣ" ಅಂದ. ಜೇಬಿನಲ್ಲಿದ್ದ ಎರಡು ಪ್ಯಾಕೆಟ್ಟನ್ನು ನನ್ನ ಕೈಗೆ ಕೊಡಲಿಲ್ಲ. ಆದರೆ ನಾನು ಹತ್ತು ತಿಂಗಳ ಹಿಂದಿನ ಫೋಟೋ ತೋರಿಸಿದೆ, ಮದುವೆ ಮನೆಯಲ್ಲಿ ಲಾಡು ಪುಡಿ ಮಾಡಿ ತಿನ್ನುತ್ತಿದ್ದದ್ದು, ಯಾರೋ ತೆಗೆದದ್ದು. ಸುಮಾರು ಹೊತ್ತು ನೋಡಿದ. ಮುಂದಿನ ಸೋಮವಾರ ಬೆಳಗ್ಗೆ ಐದೂವರೆಯ ಬಸ್ಸಿಗೆ ಬರುತ್ತೇನೆ ಅಂದಿದ್ದಾನೆ. ಹತ್ತಕ್ಕೆ ಮುಂಚೆ ಚೀಟಿ ಮಾಡಿಸಿದರೆ ಅವತ್ತೇ ಅಳತೆ ಹಿಡಿಯುತ್ತಾರೆ.